ಮೂರು, ಆಮೇಲೆ ಎರಡು

"ಇನ್ನು ಯಾವತ್ತೂ ನಿನ್ನ ಹಾಗೆ ಬಾಗಿಲು ತಟ್ಟಲ್ಲಮ್ಮ" ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಅಮ್ಮನಿಗೆ ಮಾತು ಕೊಟ್ಟಿದ್ದ ಮಗಳು, ಈಗ ನಲವತ್ತೊಂದನೆಯ ವಯಸ್ಸಿನಲ್ಲಿ, ಅದೇ ಬಾಗಿಲ ಮುಂದೆ ಮುಷ್ಟಿ ಎತ್ತಿ ನಿಂತಿದ್ದಳು. ಅಮ್ಮನನ್ನು ಮಣ್ಣಿಗಿಟ್ಟು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಚಪ್ಪಲಿಗೆ ಮೆತ್ತಿದ್ದ ಹಸಿಮಣ್ಣು ಮೂರು ಮಹಡಿಯ ಮೆಟ್ಟಿಲುದ್ದಕ್ಕೂ ಉದುರಿಕೊಂಡು ಬಂದಿತ್ತು.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಅವಳ ಕೈ ಮೇಲೇ ನಿಂತದ್ದನ್ನು ನೋಡಿ ಗಂಡ ಹಿಂದಿನಿಂದ ಬಗ್ಗಿ, ಬೆರಳ ಗೆಣ್ಣಿನಿಂದ ಟಕಟಕ ಬಡಿದ.

"ಯಾರು?" ಎಂದು ಒಳಗಿನಿಂದ ಕೇಳಿತು. "ಅಕ್ಕ ಮನೇಲಿಲ್ಲ. ಆಮೇಲೆ ಬನ್ನಿ."

ಅದು ಅಮ್ಮನ ದನಿ. ಪುಸ್ತಕ ಬೈಂಡ್ ಮಾಡುತ್ತ ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಮಾತಾಡಿ ಮಾತಾಡಿ ಒಂದು ಪಕ್ಕಕ್ಕೆ ವಾಲಿದ್ದ ಅಮ್ಮನದೇ ದನಿ. ಕೊನೆಗೆ ಸಣ್ಣ ಕೆಮ್ಮು ಕೂಡ ಇತ್ತು.

"ಅಯ್ಯೋ ನನ್ನಮ್ಮಾ!" ಎಂದು ಚಿಕ್ಕಮ್ಮ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. "ಇವಳನ್ನ ಈಗ ತಾನೇ ಬಿಟ್ಟು ಬಂದ್ವಲ್ಲೇ!"

"ಅದು ಮಾಮ, ಚಿಕ್ಕಮ್ಮ. ನಿಮಗೆ ಗೊತ್ತಿಲ್ವಾ?"

"ಗೊತ್ತಿದ್ದ ಮಾತ್ರಕ್ಕೆ ಎದೆ ಹೊಡ್ಕೊಳ್ಳಲ್ವಾ? ಬೆಳಿಗ್ಗೇನೂ ಹೀಗೇ ಆಯ್ತು. ಅವಳು ಮುಂದಿನ ಕೋಣೇಲಿ ಮಲಗಿದಾಳೆ, ಅಡುಗೆಮನೆಯಿಂದ 'ಏನೇ, ಅಂಟು ತಳ ಹಿಡೀತು ನೋಡೇ' ಅಂತ ಬಂತು. ನಾನು ಅಭ್ಯಾಸಬಲದಿಂದ 'ಬಂದೆ ಕಣೇ' ಅಂತ ಎದ್ದೇಬಿಟ್ಟಿದ್ದೆ. ಬದುಕಿದ್ದಾಗಲೂ ಇವಳು ಒಂದು ಕಡೆ ಕೂರೋಕೆ ಬಿಡ್ತಿರಲಿಲ್ಲ."

ಮಾಮ ಅಮ್ಮನ ತಮ್ಮನಲ್ಲ, ರಕ್ತಸಂಬಂಧಿಯೂ ಅಲ್ಲ. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಅಮ್ಮನ ಜೊತೆ ಇದ್ದವನು. ಐವತ್ತನಾಲ್ಕರ ದಪ್ಪ ಆಳು. ತನ್ನದೇ ಮಾತು ಅವನಲ್ಲಿ ಬಹಳ ಕಡಿಮೆ. ಬೇರೆಯವರು ಆಡಿದ್ದನ್ನು, ಆಡಿದವರ ದನಿಯಲ್ಲೇ, ಒಂದು ಉಸಿರೂ ತಪ್ಪದೆ ಆಡುತ್ತಿದ್ದ. ಅದರಲ್ಲೇ ತನಗೆ ಬೇಕಾದ್ದನ್ನು ಹೇಳುತ್ತಲೂ ಇದ್ದ. ನೀರು ಬೇಕಾದರೆ, ಎಂದೋ ನೀರು ಕೇಳಿದ್ದ ಯಾರದೋ ದನಿ ಬರುತ್ತಿತ್ತು. ಅಮ್ಮ ಹೊರಗೆ ಹೋದಾಗ ಯಾರಾದರೂ ಬಂದರೆ ಏನನ್ನಬೇಕು ಎಂದು ಅವಳೇ ಹೇಳಿಕೊಟ್ಟಿದ್ದಳು. ಅದನ್ನೇ ಈಗ ಅವಳ ದನಿಯಲ್ಲಿ ಹೇಳಿದ್ದ.

ಎಲ್ಲರೂ ಸ್ಮಶಾನಕ್ಕೆ ಹೋದಾಗ ಅವನನ್ನು ನೋಡಿಕೊಳ್ಳಬೇಕಾಗಿದ್ದವಳು ಕೆಳಮನೆಯ ಆಂಟಿ. ಅವಳು ಈಗ ಎರಡು ಮೆಟ್ಟಿಲು ಕೆಳಗೆ ಸೆರಗು ತಿರುಚುತ್ತ ನಿಂತಿದ್ದಳು.

"ಒಂದೇ ನಿಮಿಷ ಕಣಮ್ಮ, ನನ್ನ ಸ್ಟೌ ಆರಿಸಿ ಬರೋಣ ಅಂತ ಕೆಳಗೆ ಹೊರಟೆ. ಅವನು ಬಾಗಿಲಲ್ಲೇ ನಿಂತು ಮೆಟ್ಟಿಲ ಕಡೆ ನೋಡ್ತಿದ್ದ. ನನ್ನ ಕರುಳು ಕಿತ್ತು ಬಂತು. ಅದಕ್ಕೇ..."

"ಅದಕ್ಕೆ?"

"'ಅಕ್ಕ ಸಂಜೆಗೆ ಬರ್ತಾಳಪ್ಪ, ಬಾಗಿಲು ಹಾಕ್ಕೊಂಡು ಕೂತಿರು' ಅಂದೆ. ಅಷ್ಟೇ."

ಮಗಳು ಕಣ್ಣು ಮುಚ್ಚಿಕೊಂಡಳು. ಹೊರಗೆ ಹೋಗುವಾಗ ಅಮ್ಮ ದಿನಾ ಹೇಳುತ್ತಿದ್ದದ್ದೂ ಇದನ್ನೇ. ಹಾಗೆ ಹೇಳಿ ಹೋದ ಮೇಲೆ ಅವನು ಅಮ್ಮ ತಟ್ಟಿದರೆ ಮಾತ್ರ ಬಾಗಿಲು ತೆಗೆಯುತ್ತಿದ್ದ. ಮೂರು ಸಲ, ಒಂದು ಉಸಿರಿನಷ್ಟು ಬಿಟ್ಟು, ಎರಡು ಸಲ.

"ಸರಿ, ಆಗಿದ್ದು ಆಯ್ತು" ಎಂದ ಗಂಡ. ಅವನು ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆದು ಅಭ್ಯಾಸ. "ಅತ್ತೆ ತಟ್ಟೋ ರೀತಿ ನಿನಗೆ ಗೊತ್ತಲ್ಲ. ತಟ್ಟು. ಬಾಗಿಲು ತೆಗೀತಾನೆ. ನಾಲ್ಕೂವರೆಗೆ ವ್ಯಾನ್ ಬರುತ್ತೆ."

ವ್ಯಾನು ಮಾಮನಂಥವರನ್ನು ಇಟ್ಟುಕೊಳ್ಳುವ ಒಂದು ಹೋಮ್‌ನಿಂದ ಬರುವುದಿತ್ತು. ಎಂಟು ತಿಂಗಳ ಹಿಂದೆ, ಅಮ್ಮನ ಕಾಲು ಊದಲು ಶುರುವಾದಾಗ, ಮಗಳು ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಒಂದು ಹಾಸಿಗೆ ಖಾಲಿಯಾಗಿದೆ, ಇವತ್ತು ಬಂದರೆ ಸರಿ, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿನವರಿಗೆ ಎಂದು ನಿನ್ನೆ ಫೋನ್ ಬಂದಿತ್ತು. ಅವಳದು ಆಸ್ಪತ್ರೆಯ ಲಾಂಡ್ರಿಯಲ್ಲಿ ಶಿಫ್ಟಿನ ಕೆಲಸ. ಅವಳ ಮನೆ ಎರಡು ಕೋಣೆಯದು, ಹೆಣ್ಣುಮಕ್ಕಳಿಬ್ಬರು. ಮಾಮನನ್ನು ಹಗಲಿಡೀ ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಇವತ್ತು ಅವನು ವ್ಯಾನ್ ಹತ್ತದಿದ್ದರೆ ಅವನ ಇಡೀ ಬದುಕು ಅವಳ ತಲೆಯ ಮೇಲೆ.

ಐದು ಸಲ ಗೆಣ್ಣು ತಾಗಿಸಿದರೆ ಮುಗಿಯುತ್ತಿತ್ತು.

*

ಮೂವತ್ತು ವರ್ಷದ ಹಿಂದೆ ಅಮ್ಮ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕಿದ್ದಳು, ಮನೆಗೂ ಕೆಲಸ ತರುತ್ತಿದ್ದಳು. ಪಕ್ಕದ ಮೇಜಿನಲ್ಲಿ ಹಾಳೆ ಮಡಚುತ್ತಿದ್ದ ಗೆಳತಿಗೆ ಒಬ್ಬ ತಮ್ಮ. ಇಪ್ಪತ್ತನಾಲ್ಕು ವರ್ಷ, ಬಾಗಿಲು ತುಂಬುವಂಥ ದೇಹ. ಬುದ್ಧಿ ಬೆಳೆಯುವುದು ಎಲ್ಲೋ ನಡುವೆ ನಿಂತುಹೋಗಿದೆ ಎಂದು ಜನ ಅನ್ನುತ್ತಿದ್ದರು. ಗೆಳತಿ ಒಪ್ಪುತ್ತಿರಲಿಲ್ಲ. "ನಿಂತಿಲ್ಲ ಕಣೇ, ಬೇರೆ ದಾರಿ ಹಿಡಿದು ಹೋಗ್ತಿದೆ. ನಾವು ನೋಡ್ತಿರೋ ದಾರೀಲಿ ಇಲ್ಲ, ಅಷ್ಟೆ" ಎನ್ನುತ್ತಿದ್ದಳು.

ಗೆಳತಿ ಸತ್ತ ವಾರವೇ ಅವನ ನೆಂಟರು "ಬಾ, ನಿಮ್ಮಕ್ಕನ ಹತ್ರ ಹೋಗೋಣ" ಎಂದು ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ದೂರದ ಒಂದು ಹೋಮ್‌ನಲ್ಲಿ ಬಿಟ್ಟು ಬಂದರು. ಎಂಟು ತಿಂಗಳ ಮೇಲೆ ಅಮ್ಮನಿಗೆ ವಿಷಯ ತಿಳಿದು ನೋಡಲು ಹೋದಾಗ, ಅವನು ಗೇಟಿನ ಎದುರಿನ ಬೆಂಚಿನ ಮೇಲೆ ಕೂತಿದ್ದ. ಯಾವ ಗಾಡಿ ಬಂದರೂ ಎದ್ದು ನಿಲ್ಲುತ್ತಾನೆ, ಅದು ಹೋದ ಮೇಲೆ ಕೂರುತ್ತಾನೆ ಎಂದು ವಾಚ್‌ಮನ್ ಹೇಳಿದ. ಅಮ್ಮನನ್ನು ಕಂಡು ಅವನು ಎದ್ದ. "ಎಷ್ಟು ಹೊತ್ತೇ ನೀನು ಬರೋದು?" ಅಂದ. ಸತ್ತ ಗೆಳತಿಯ ದನಿ. ಊಟದ ಗಂಟೆಯಲ್ಲಿ ಡಬ್ಬಿ ಹಿಡಿದು ಕಾಯುತ್ತ ದಿನಾ ಅವಳು ಅಮ್ಮನನ್ನು ಕೇಳುತ್ತಿದ್ದದ್ದೇ ಅದು.

ಅವತ್ತೇ ಅಮ್ಮ ಅವನನ್ನು ಕರೆದುಕೊಂಡು ಬಂದಳು. ಒಂದು ವಾರ ಇರಲಿ ಅಂದುಕೊಂಡೇ ಕರೆತಂದಿದ್ದು.

"ನಿನಗೆ ಗಂಡ ನಿಲ್ಲಲಿಲ್ಲ, ಯಾರದೋ ಮನೆ ಮಗನ್ನ ನಿಲ್ಲಿಸ್ಕೊಳ್ತೀಯಾ?" ಎಂದು ಚಿಕ್ಕಮ್ಮ ಕೂಗಾಡಿದ್ದಳು. "ಗಂಡ ಎರಡು ಕಾಲಲ್ಲಿ ನಡ್ಕೊಂಡು ಹೋದ. ಇವನನ್ನ ಹೊತ್ಕೊಂಡು ಹೋಗಿ ಬಿಟ್ಟಿದ್ರು. ಎರಡೂ ಒಂದೇನಾ?" ಎಂದು ಕೇಳಿ ಅಮ್ಮ ಅಂಟು ಕದಡಲು ಹೋಗಿದ್ದಳು.

ಹನ್ನೊಂದು ವರ್ಷದ ಮಗಳು ಆ ರಾತ್ರಿ ಊಟದ ಹೊತ್ತಿಗೆ ಕಂಡದ್ದು ಇಷ್ಟು: ಅಮ್ಮ ಅವನೆದುರು ಕೂತು, ಅವನ ತಟ್ಟೆಗೆ ಅನ್ನ ಹಾಕಿ, ಮೆಲ್ಲಗೆ ಹೇಳಿದಳು. "ತಮ್ಮಾ, ನಿಮ್ಮಕ್ಕ ಸತ್ತುಹೋದಳು. ಇನ್ನು ಬರಲ್ಲ. ಅಲ್ಲೂ ಇರಲಿಲ್ಲ ಅವಳು. ನಿನಗೆ ಸುಳ್ಳು ಹೇಳಿದ್ರು." ಅವನು ಉಣ್ಣುತ್ತಲೇ ಇದ್ದ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಮಾರನೆಯ ದಿನದಿಂದ ಬೀದಿಯಲ್ಲಿ ಗಾಡಿಯ ಸದ್ದಾದರೆ ಅವನು ಎದ್ದು ನಿಲ್ಲಲಿಲ್ಲ. ಅಮ್ಮನ ಮೇಜಿನ ಆ ತುದಿಯಲ್ಲಿ ಕೂತು, ಎಂಟೆಂಟು ಹಾಳೆ ಜೋಡಿಸಿ ಮಡಚಿ, ಮಡಿಕೆಯ ಮೇಲೆ ಮರದ ಪಟ್ಟಿ ಎಳೆಯತೊಡಗಿದ. ಸರ್ ಎಂದು ಸದ್ದು. ಏಳು ಹಾಳೆಯದೋ ಒಂಬತ್ತು ಹಾಳೆಯದೋ ಮಡಿಕೆ ಅವನ ಕೈಯಿಂದ ಒಂದು ದಿನವೂ ಬರಲಿಲ್ಲ.

*

ನಾಲ್ಕೂಕಾಲಿಗೇ ವ್ಯಾನು ಬಂತು. ಡ್ರೈವರು ಮೂರು ಮಹಡಿ ಹತ್ತಿ ಬಂದ. ತಲೆ ನರೆತ, ಮೆದು ಮಾತಿನ ಮನುಷ್ಯ.

"ನಿಧಾನಕ್ಕೆ ಬರ್ಲಿ ಮೇಡಂ, ಅವಸರ ಮಾಡ್ಬೇಡಿ. ಐದರ ತನಕ ಕಾಯ್ತೀನಿ. ಆಮೇಲೆ ಅಲ್ಲಿ ಆಫೀಸ್ ಮುಚ್ತಾರೆ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇಂಥವರನ್ನ ದಿನಾ ನೋಡ್ತೀನಿ. ಮೊದಲ ವಾರ ಅಳ್ತಾರೆ, ಆಮೇಲೆ ಹೊಂದ್ಕೋತಾರೆ. ಹೊಟ್ಟೆಗೆ ಬಟ್ಟೆಗೆ ಏನೂ ಕಡಿಮೆ ಮಾಡಲ್ಲ."

"ಒಳಗೆ ಯಾರಿದಾರೆ ಅವನ ಜೊತೆ?" ಎಂದು ಆಮೇಲೆ ಕೇಳಿದ.

"ಯಾರೂ ಇಲ್ಲ" ಎಂದ ಗಂಡ.

"ಮೆಟ್ಟಿಲು ಹತ್ತುವಾಗ ಹೆಂಗಸಿನ ದನಿ ಕೇಳಿಸ್ತಲ್ಲ?"

ಅಷ್ಟರಲ್ಲಿ ಚಿಕ್ಕಮ್ಮ ಮೂಗು ಅರಳಿಸಿ ತಲೆ ಎತ್ತಿದಳು. ಬಾಗಿಲಿನ ಕೆಳಗಿನ ಸಂದಿಯಿಂದ ಬಿಸಿ ವಾಸನೆ ಬರುತ್ತಿತ್ತು. ಮೈದಾ, ಹುಳ ಬೀಳದಿರಲು ಹಾಕುವ ಮೈಲುತುತ್ತ, ನೀರು. ಅಮ್ಮ ದಿನಾ ನಾಲ್ಕೂವರೆಗೆ ಮರುದಿನದ ಕೆಲಸಕ್ಕೆ ಅಂಟು ಕಾಯಿಸುತ್ತಿದ್ದಳು. ಈ ಮೆಟ್ಟಿಲಿಗೆಲ್ಲ ಆ ಹೊತ್ತಿಗೆ ಅದೇ ವಾಸನೆ.

"ಒಲೆ ಹಚ್ಚಿದಾನೆ!" ಎಂದಳು ಆಂಟಿ. "ಅವನಿಗೆ ಹಚ್ಚೋಕೆ ಬರುತ್ತಾ?"

"ಬರಲ್ಲ. ಬೆಂಕಿ ಕಂಡರೆ ದೂರ ಹೋಗ್ತಾನೆ" ಎಂದಳು ಮಗಳು.

ಗಂಡನ ಮುಖ ಸಣ್ಣಗಾಯಿತು. "ಬೆಳಿಗ್ಗೆ ಹೆಣ ಎತ್ತೋಕೆ ಮುಂಚೆ ಸಿಲಿಂಡರಿಂದ ರೆಗ್ಯುಲೇಟರ್ ಕಿತ್ತು ಬೀರು ಮೇಲಿಟ್ಟಿದ್ದು ನಾನೇ" ಎಂದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವನ ಹಾಗೆ, "ಹಳೇ ಅಂಟಿರಬೇಕು. ಡಬ್ಬದ ಮುಚ್ಚಳ ತೆಗೆದಿರ್ತಾನೆ" ಎಂದ.

"ಹಳೇ ಅಂಟು ಬಿಸಿ ವಾಸನೆ ಬರುತ್ತೇನ್ರೀ ಅಳಿಯಂದಿರೇ?" ಚಿಕ್ಕಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. "ನಾನು ಕೆಳಮನೇಲಿ ಕೂತಿರ್ತೀನಿ. ಅವಳಿಗೆ ನನ್ನ ಜೊತೆ ಜಗಳ ಬಾಕಿ ಇರೋದು ನಿಜ, ಆದರೆ ಇವತ್ತೇ ಬೇಡ."

ಆಂಟಿ ಅವಳ ತೋಳು ಹಿಡಿದು ಇಳಿಸಿದಳು. ಡ್ರೈವರ್ ಎರಡು ಮೆಟ್ಟಿಲು ಹಿಂದೆ ಸರಿದು ನಿಂತ.

"ತಟ್ಟು" ಎಂದ ಗಂಡ.

*

ಅಮ್ಮನಿಗೆ ಆ ಮಾತು ಕೊಡುವ ಮೊದಲು ಮಾಮ ಅವಳಿಗೂ ಬಾಗಿಲು ತೆಗೆಯುತ್ತಿದ್ದ. ಅವಳದು ಒಂದೇ ಗುದ್ದು. ಬಂದು ಚಿಲಕ ಸರಿಸಿ, ಮುಖ ಕೂಡ ನೋಡದೆ ತನ್ನ ಹಾಳೆಗಳ ಹತ್ತಿರ ಹೋಗಿ ಕೂರುತ್ತಿದ್ದ. ಅಮ್ಮ ತಟ್ಟಿದರೆ ಹಾಗಲ್ಲ. ಮೂರನೆಯ ತಟ್ಟಿಗೇ ಕುರ್ಚಿ ಹಿಂದಕ್ಕೆ ಸರಿದು, ಐದನೆಯದಕ್ಕೆ ಬಾಗಿಲು ತೆರೆದು, ಅವನ ಇಡೀ ಮುಖ ದೀಪ ಹಚ್ಚಿದ ಕೋಣೆಯಂತಾಗುತ್ತಿತ್ತು. ಅಮ್ಮನ ಮುಖವೂ ಹಾಗೇ ಆಗುತ್ತಿತ್ತು. ಮಗಳನ್ನು ನೋಡಿದಾಗ ಹಾಗಾಗುತ್ತಿರಲಿಲ್ಲ ಎಂದು ಹನ್ನೆರಡರ ಹುಡುಗಿಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದವಳು ಬ್ಯಾಗು ಕೆಳಗಿಟ್ಟು, ಅಮ್ಮನ ಹಾಗೇ ತಟ್ಟಿದಳು. ಮೂರು, ಆಮೇಲೆ ಎರಡು.

ಬಾಗಿಲು ತೆರೆಯಿತು. ಆ ಮುಖ ಅವಳಿಗೆ ಸಿಕ್ಕಿತು, ಒಂದು ಗಳಿಗೆ. ಆಮೇಲೆ ಅದು ಅವಳ ತಲೆಯ ಮೇಲಿಂದ ಮೆಟ್ಟಿಲುಗಳನ್ನು ನೋಡಿತು. ಕೆಳಗಿನವರೆಗೂ ನೋಡಿತು. ಅವಳು ನಕ್ಕಳು. ಮಾಮ ಬಾಗಿಲು ಹಾಕಿಕೊಂಡ, ಅವಳನ್ನು ಹೊರಗೇ ಬಿಟ್ಟು.

ಸಂಜೆ ಅಮ್ಮನೇ ಬಂದು ತಟ್ಟಿದಾಗಲೂ ತೆಗೆಯಲಿಲ್ಲ. ಎರಡನೆಯ ಸಲ, ಮೂರನೆಯ ಸಲ. ಅಮ್ಮ ಬಾಗಿಲಿಗೆ ಒರಗಿ ಕೂತು ಅದೂ ಇದೂ ಮಾತಾಡುತ್ತ ಹೋದಳು: ಪ್ರೆಸ್ಸಿನ ವಿಷಯ, ರಟ್ಟಿನ ವಿಷಯ. ನಡುವೆ ಒಮ್ಮೆ ಮಗಳ ಕಡೆ ತಿರುಗಿದಳು. ಬೈಯಲಿಲ್ಲ.

"ಅವನು ಯಾರ ಮಾತೂ ನಂಬಲ್ಲ ಕಣೇ. ಮಾತನ್ನ ನಂಬಿ ಒಂದು ಸಲ ಗಾಡಿ ಹತ್ತಿದಾನೆ. ಇದೊಂದು ತಟ್ಟು ನಂಬ್ತಿದ್ದ. ಅದನ್ನೂ ನೀನು ಸುಳ್ಳು ಮಾಡಿದೆ."

ಆಗ ಅವಳು ಮೂಗು ಸೋರಿಸಿಕೊಂಡು, ಬಿಕ್ಕುತ್ತ, ಮುಚ್ಚಿದ ಬಾಗಿಲ ಮುಂದೆ ಆ ಮಾತು ಕೊಟ್ಟಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಚಿಲಕ ಸರಿದಿತ್ತು. ಅಮ್ಮನ ತಟ್ಟನ್ನು ಅವನು ಮತ್ತೆ ನಂಬಲು ಒಂದು ತಿಂಗಳು ಹಿಡಿಯಿತು. ಅವಳ ಗುದ್ದಿಗೆ ಮತ್ತೆ ಯಾವತ್ತೂ ತೆಗೆಯಲಿಲ್ಲ. ಮದುವೆಯಾಗಿ ಹೋಗುವ ತನಕ, ಸ್ಕೂಲಿನಿಂದ, ಕಾಲೇಜಿನಿಂದ, ಕೆಲಸದಿಂದ ಬಂದು, ಅಮ್ಮ ಬರುವವರೆಗೆ ಅವಳು ಮೆಟ್ಟಿಲ ಮೇಲೇ ಕೂತು ಕಾದಳು. ಆ ಸಿಟ್ಟು ಅವಳಿಗೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

*

ಈಗ ಅವಳ ಗೆಣ್ಣು ಬಾಗಿಲ ಮರಕ್ಕೆ ಬೆರಳಷ್ಟು ದೂರವಿತ್ತು. ಒಳಗೆ ಹವಾಯಿ ಚಪ್ಪಲಿ ಎಳೆದುಕೊಂಡು ನಡೆದು ಬರುವ ಸದ್ದು. ಬಾಗಿಲ ಆಚೆಗೆ ನಿಂತಿತು. ಭಾರವಾದ ಉಸಿರು.

"ಅರ್ಜಿ ಹಾಕಿದಾಳಂತೆ" ಎಂದಿತು ಅಮ್ಮನ ದನಿ.

ಮಗಳ ಕೈ ಹಾಗೇ ನಿಂತಿತು.

"ನನಗೆ ಹೇಳಿಲ್ಲ. ಹೋಮ್‌ನೋರೇ ಫೋನ್ ಮಾಡಿ ಕೇಳಿದ್ರು. ಹಾಕ್ಲಿ ಬಿಡು. ಅವಳಿಗೂ ಇರೋದು ಎರಡೇ ಕೈ." ಕೆಮ್ಮು. "ಎಂಟು ಹಾಳೆ ಆಯ್ತಾ? ಕೊಡು ಇಲ್ಲಿ."

ಗಂಡ ನಿಧಾನವಾಗಿ ಉಸಿರು ಬಿಟ್ಟ. "ಕೇಳಿಸ್ಕೊಂಡೆಯಾ? ಅತ್ತೆಗೆ ಗೊತ್ತಿತ್ತು. ಅವರೇ ಬಿಡು ಅಂದಿದಾರೆ. ಇನ್ನೇನು?" ಅವಳ ಭುಜದ ಮೇಲೆ ಕೈಯಿಟ್ಟ. "ನಾಳೆ ನಿನ್ನ ಶಿಫ್ಟ್ ಆರಕ್ಕೆ. ನನ್ನದು ಏಳಕ್ಕೆ. ಯಾರು ನೋಡ್ಕೋತಾರೆ ಹೇಳು. ನಾನು ಕೆಟ್ಟವನಾಗಿ ಹೇಳ್ತಿಲ್ಲ."

"ಗೊತ್ತು ರೀ."

"ಮತ್ತೆ?"

ಅವಳು ಮತ್ತೆ ಬಾಗಿಲ ಕಡೆ ತಿರುಗಿದಳು. ಕೈ ಹಿಂದಕ್ಕೆ ಹೋಯಿತು, ಹೊಡೆಯುವ ಮುಂಚೆ ಹೋಗುವ ಹಾಗೆ.

ಒಳಗೆ ಒಬ್ಬಳು ಹುಡುಗಿ ಅಳುತ್ತಿದ್ದಳು.

ಮೂಗು ಕಟ್ಟಿದ ದನಿ, ಬಿಕ್ಕಿಗೆ ತುಂಡಾಗುವ ದನಿ. "ಇನ್ನು... ಯಾವತ್ತೂ... ನಿನ್ನ ಹಾಗೆ ಬಾಗಿಲು ತಟ್ಟಲ್ಲಮ್ಮ."

"ಯಾರದು?" ಎಂದ ಡ್ರೈವರ್. "ಮಗು ಇದೆಯಾ ಒಳಗೆ?"

ತನ್ನ ಹನ್ನೆರಡು ವರ್ಷದ ದನಿ ಹೇಗಿತ್ತೆಂದು ಅವಳಿಗೆ ನೆನಪಿರಲಿಲ್ಲ. ಈಗ ಅದು ಎರಡಂಗುಲ ಮರದ ಆಚೆ, ಅಷ್ಟು ಹತ್ತಿರದಲ್ಲಿ ಅಳುತ್ತಿತ್ತು. ಐವತ್ತನಾಲ್ಕರ ಗಂಡಸಿನ ಗಂಟಲಿನಿಂದ ಬರುತ್ತಿದೆ ಎಂದು ಗೊತ್ತಿದ್ದೂ, ಬಾಗಿಲು ತೆರೆದರೆ ಯೂನಿಫಾರ್ಮಿನ ಆ ಹುಡುಗಿಯೇ ನಿಂತಿರುತ್ತಾಳೆ ಅನ್ನಿಸಿತು. ಅವಳು ಕೈಯನ್ನು ಕೆಳಗಿಳಿಸಿದಳು.

"ನೀವು ಹೋಗಿ" ಎಂದಳು ಡ್ರೈವರಿಗೆ. "ಆ ಹಾಸಿಗೆ ಮುಂದಿನವರಿಗೆ ಕೊಡಿ ಅಂತ ಹೇಳಿ."

"ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ ಮೇಡಂ."

"ಪರವಾಗಿಲ್ಲ."

ಡ್ರೈವರು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಅವನ ಹೆಜ್ಜೆ ಮೂರು ಮಹಡಿಯನ್ನೂ ಓಡುವಂತೆ ಇಳಿಯಿತು. "ನಿನಗೆ ತಲೆ ಕೆಟ್ಟಿದೆ" ಎಂದ ಗಂಡ, ಸಿಟ್ಟಿನಿಂದಲ್ಲ, ಸುಸ್ತಿನಿಂದ. ಕೆಳಗೆ ಹೋಗಿ, ಒಂದು ಚೊಂಬು ನೀರು ತಂದು ಅವಳ ಪಕ್ಕ ಇಟ್ಟು, ಮಕ್ಕಳನ್ನು ಕರೆತರಲು ಹೋದ.

ಅವಳು ಬಾಗಿಲ ಎದುರು, ಗೋಡೆಗೆ ಒರಗಿ ಕೂತಳು. ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಮೆಟ್ಟಿಲ ಕಿಟಕಿಯಲ್ಲಿ ಬೆಳಕು ಕಂದುತ್ತಿತ್ತು.

"ಮಾಮ" ಎಂದಳು. "ಅಮ್ಮ ಸತ್ತುಹೋದಳು. ಮಣ್ಣು ಮಾಡಿ ಬಂದ್ವಿ. ಸಂಜೆಗೆ ಬರಲ್ಲ, ಯಾವತ್ತೂ ಬರಲ್ಲ. ಆಂಟಿ ಪಾಪ ಗೊತ್ತಿಲ್ಲದೆ ಸುಳ್ಳು ಹೇಳಿದಾರೆ. ಕೆಳಗೆ ವ್ಯಾನ್ ಬಂದಿತ್ತು, ನಿನ್ನ ಕರ್ಕೊಂಡು ಹೋಗೋಕೆ. ಕರೆಸಿದ್ದು ನಾನೇ. ಈಗ ವಾಪಸ್ ಕಳಿಸ್ದೆ. ನಾಳೆ ಬೆಳಿಗ್ಗೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಅಷ್ಟೇ ಇರೋ ವಿಷಯ."

ಬಾಗಿಲ ಆಚೆ ಉಸಿರು ನಿಂತಿತು. ಆಮೇಲೆ ಚಪ್ಪಲಿಯ ಸದ್ದು ಹಿಂದಿರುಗಿತು: ಮುಂದಿನ ಕೋಣೆ ದಾಟಿ, ಒಳಕೋಣೆಗೆ, ಕಿಟಕಿಯ ಪಕ್ಕದ ಮೇಜಿನ ತನಕ. ಕುರ್ಚಿ ಕಿರ್ರೆಂದಿತು. ಹಾಳೆಗಳನ್ನು ಕುಟ್ಟಿ ಸಮ ಮಾಡುವ ಸದ್ದು. ಮಡಿಕೆಯ ಮೇಲೆ ಮರದ ಪಟ್ಟಿ, ಸರ್. ಮತ್ತೊಂದು, ಸರ್. ದೂರದಿಂದ, ಒಂದೇ ಲಯದಲ್ಲಿ ಕೇಳಿಬರುತ್ತಿತ್ತು. ಅವನು ಅಳುತ್ತಿದ್ದನೋ ಏನೋ, ಪಟ್ಟಿ ನಡುನಡುವೆ ತಡೆಯುತ್ತಿತ್ತು.

ಕಿಟಕಿಯ ಬೆಳಕು ಪೂರ್ತಿ ಹೋಗುವ ಹೊತ್ತಿಗೆ, ಬಾಗಿಲನ್ನು ಯಾರೋ ತಟ್ಟಿದರು. ಒಳಗಿನಿಂದ.

ಮೂರು ಸಲ. ಒಂದು ಉಸಿರಿನಷ್ಟು ಬಿಟ್ಟು, ಎರಡು ಸಲ.

ಒಳಕೋಣೆಯಲ್ಲಿ ಪಟ್ಟಿಯ ಸದ್ದು ನಿಂತಿರಲಿಲ್ಲ.

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ಒಳಕ್ಕೆ ಹೋಯಿತು. ಹಿಂದೆ ಯಾರೂ ಇರಲಿಲ್ಲ. ಬಿಸಿ ಅಂಟಿನ ವಾಸನೆ ಹೊರಗೆ ಬಂತು. ಅಷ್ಟು ದೂರದಲ್ಲಿ, ಒಳಕೋಣೆಯ ಮಬ್ಬಿನಲ್ಲಿ, ಮಾಮನ ಅಗಲವಾದ ಬೆನ್ನು ಕಾಣುತ್ತಿತ್ತು. ಮಡಚಿದ ಹಾಳೆಗಳ ಕಟ್ಟನ್ನು ಅವನು ಪಕ್ಕದ ಖಾಲಿ ಕುರ್ಚಿಯ ಕಡೆಗೆ ನೀಡಿ ಹಿಡಿದಿದ್ದ, ಯಾರೋ ತೆಗೆದುಕೊಳ್ಳುವುದನ್ನು ಕಾಯುವವನ ಹಾಗೆ.

ಅವಳ ಕೈಗಳು ಇನ್ನೂ ಮಡಿಲಲ್ಲೇ ಇದ್ದವು. ಅವಳು ತಟ್ಟಿರಲಿಲ್ಲ. ಕೊಟ್ಟ ಮಾತು ಉಳಿಯಿತು.